ದೂರ ಹೊಡೆಯುವ ಟಾರ್ಚು: ಬೆಳಕು ಜಾಸ್ತಿಯಾದರೆ ಸಾಲದು

ಜಗಳೂರು ತಾಲೂಕಿನ ನಮ್ಮ ಹೊಲದಲ್ಲಿ ಮನೆಗೂ ಬೋರ್‌ವೆಲ್‌ಗೂ 350 ಮೀಟರ್ ದೂರ. ತ್ರೀ ಫೇಸ್ ಕರೆಂಟು ಎಷ್ಟೋ ದಿನ ರಾತ್ರಿಯೇ ಬರುತ್ತದೆ. ಕರೆಂಟು ಬಂದಿದ್ದು ಮನೆಯಲ್ಲೇ ಗೊತ್ತಾಗುತ್ತದೆ. ಆದರೆ ಬೋರ್ ಪಕ್ಕದ ಹೊಂಡಕ್ಕೆ ನೀರು ಬೀಳುತ್ತಿದೆಯಾ ಇಲ್ವಾ ಅಂತ ನೋಡಲು ಅಪ್ಪ ಎದ್ದು ಹೋಗಲೇಬೇಕು. ಎರಡೂ ಕಡೆ ಆಳೆತ್ತರದ ಮೆಕ್ಕೆಜೋಳ, ನಡುವೆ ಬದು. ಹಾವು, ಚೇಳು ಇರುವ ಜಾಗ. ಕರಡಿ ಓಡಾಡುವ ಸೀಮೆ ಬೇರೆ.

ಮನೆಯ ಕಟ್ಟೆಯ ಮೇಲೆ ನಿಂತೇ ನೀರು ಕಾಣಿಸುವಂಥ ಟಾರ್ಚ್ ಇದ್ದರೆ ಸಾಕು ಅನ್ನಿಸಿತು. ದಾವಣಗೆರೆಯಲ್ಲಿ ಒಂದು ಕೊಂಡು ತಂದೆ. ಡಬ್ಬಿಯ ಮೇಲೆ ದೊಡ್ಡ ಲ್ಯೂಮೆನ್ ಸಂಖ್ಯೆ ಇತ್ತು. ರಾತ್ರಿ ಅಪ್ಪ ಅದನ್ನು ಹಚ್ಚಿದರು. ಕಣದ ತುಂಬ ಬೆಳಕು. ಕೊಟ್ಟಿಗೆ, ಬಣವೆ, ಬೇವಿನ ಮರ ಎಲ್ಲ ಕಂಡವು. ಹೊಂಡ ಮಾತ್ರ ಕಾಣಲಿಲ್ಲ. "ಬೆಳಕೇನೋ ಬೇಕಾದಷ್ಟು ಐತೆ. ಎಲ್ಲಾ ಇಲ್ಲೇ ಚೆಲ್ಲಿ ಹೋಗ್ತೈತಲ್ಲಪ್ಪಾ" ಅಂದರು ಅಪ್ಪ.

ಅವರು ಹೇಳಿದ್ದು ಸರಿಯಾಗಿತ್ತು. ಬೆಳಕು ಎಷ್ಟಿದೆ ಅನ್ನುವುದು ಒಂದು ವಿಷಯ, ಅದು ಎಷ್ಟು ದೂರ ಮುಟ್ಟುತ್ತದೆ ಅನ್ನುವುದು ಪೂರ್ತಿ ಬೇರೆ ವಿಷಯ. ಆಮೇಲೆ ನಾನೇ ಲೇತ್ ಮೇಲೆ ಒಂದೊಂದು ಭಾಗ ಕಡೆದು ಟಾರ್ಚ್ ಮಾಡಲು ಕೂತೆ. ಮೂರನೆಯದು ಚೆನ್ನಾಗಿ ಬಂತು. ಅದು ಹೇಗೆ ಕೆಲಸ ಮಾಡುತ್ತದೆ, ಮೊದಲ ಎರಡು ಯಾಕೆ ಮಾಡಲಿಲ್ಲ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಲ್ಯೂಮೆನ್ ಒಂದು, ಕ್ಯಾಂಡೆಲಾ ಇನ್ನೊಂದು

ಲ್ಯೂಮೆನ್ ಅಂದರೆ ಎಲ್ಲ ದಿಕ್ಕಿಗೂ ಸೇರಿ ಹೊರಬೀಳುವ ಒಟ್ಟು ಬೆಳಕು. ಕ್ಯಾಂಡೆಲಾ ಅಂದರೆ ಒಂದು ದಿಕ್ಕಿನಲ್ಲಿ ಆ ಬೆಳಕು ಎಷ್ಟು ದಟ್ಟವಾಗಿ ಹೋಗುತ್ತಿದೆ ಅನ್ನುವ ಅಳತೆ. ಲಕ್ಸ್ ಅಂದರೆ ಬೆಳಕು ಬಿದ್ದ ಜಾಗ ಎಷ್ಟು ಬೆಳಗಿದೆ ಅನ್ನುವುದು. ಕ್ಯಾಂಡೆಲಾವನ್ನು ದೂರದ ವರ್ಗದಿಂದ ಭಾಗಿಸಿದರೆ ಲಕ್ಸ್ ಬರುತ್ತದೆ. ದೂರ ಬೇಕಾದವರು ನೋಡಬೇಕಾದ್ದು ಕ್ಯಾಂಡೆಲಾವನ್ನು.

ಡಬ್ಬಿಯ ಮೇಲೆ 'ಇಷ್ಟು ಮೀಟರ್' ಅಂತ ಬರೆಯುವುದಕ್ಕೆ ಎಫ್‌ಎಲ್1 ಎಂಬ ಅಮೆರಿಕದ ಮಾನದಂಡವೊಂದು 2009ರಿಂದ ಇದೆ. ಬೆಳಕು 0.25 ಲಕ್ಸಿಗೆ ಇಳಿಯುವ ಜಾಗವೇ ಆ ಟಾರ್ಚಿನ ದೂರ. 0.25 ಲಕ್ಸ್ ಅಂದರೆ ಮೋಡವಿಲ್ಲದ ಹುಣ್ಣಿಮೆಯ ಬೆಳದಿಂಗಳಷ್ಟು. ಲೆಕ್ಕ ಸುಲಭ. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಆಯಿತು. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್, 40,000 ಇದ್ದರೆ 400 ಮೀಟರ್. ದೂರ ಎರಡರಷ್ಟಾಗಬೇಕಾದರೆ ಕ್ಯಾಂಡೆಲಾ ನಾಲ್ಕರಷ್ಟಾಗಬೇಕು.

ಇಲ್ಲಿ ಒಂದು ಮಾತು. ಬೆಳದಿಂಗಳಷ್ಟು ಬೆಳಕು ಕಾಲಡಿಯ ದಾರಿಗೆ ಸಾಕು, ದೂರದ ಪೈಪಿನ ಬಾಯಿ ಕಾಣಲು ಸಾಲದು. ಬರೆದ ದೂರದಲ್ಲಿ ಮೂರನೇ ಒಂದು ಪಾಲನ್ನು ಮಾತ್ರ ನಾನು ನಂಬುತ್ತೇನೆ. 350 ಮೀಟರಿನ ಹೊಂಡ ಚೆನ್ನಾಗಿ ಕಾಣಬೇಕಾದರೆ ಕಾಗದದ ಮೇಲೆ ಸಾವಿರ ಮೀಟರಿನ ಟಾರ್ಚ್ ಬೇಕು. ಅಂದರೆ 2,50,000 ಕ್ಯಾಂಡೆಲಾ.

ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ. ಅದನ್ನು ಎಲ್ಲ ಕಡೆಗೂ ಸಮನಾಗಿ ಹಂಚಿದರೆ ಒಂದು ದಿಕ್ಕಿಗೆ ಸಿಗುವುದು 72 ಕ್ಯಾಂಡೆಲಾ. ಮೇಲಿನ ಲೆಕ್ಕದಲ್ಲಿ ಅದು 17 ಮೀಟರಿನ ದೀಪ. ನನ್ನ ಟಾರ್ಚಿನಿಂದ ಹೊರಬೀಳುವುದು 200 ಲ್ಯೂಮೆನ್ ಆಸುಪಾಸು. ಅದು ಕಿಲೋಮೀಟರ್ ದಾಟುತ್ತದೆ.

ಪೈಪಿನ ಬಾಯಿಗೆ ಹೆಬ್ಬೆರಳು

ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ ಅಲ್ವಾ? ಬೆಳಕನ್ನೂ ಹೀಗೇ ಒತ್ತಿ ಕಿರಿದು ಮಾಡಿದರೆ ಆಯಿತು ಅಂತ ನಾನು ಮೊದಲು ಅಂದುಕೊಂಡಿದ್ದೆ. ಅರ್ಧ ಸರಿ, ಅರ್ಧ ತಪ್ಪು. ನೀರನ್ನು ಒತ್ತಬಹುದು. ಬೆಳಕನ್ನು ಒತ್ತಲು ಬರುವುದಿಲ್ಲ. ಈ ತಪ್ಪು ಬಿಟ್ಟುಹೋದ ಮೇಲೇ ನನಗೆ ಉಳಿದದ್ದೆಲ್ಲ ಅರ್ಥವಾಯಿತು.

ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಟ್ಟಿದ್ದು ನೆನಪಿಸಿಕೊಳ್ಳಿ. ದೂರದಿಂದ ನೇರವಾಗಿ ಬಂದ ಕಿರಣಗಳೆಲ್ಲ ಒಂದು ಚುಕ್ಕೆಯಲ್ಲಿ ಕೂಡುತ್ತವೆ. ಶಾಲೆಯಲ್ಲಿ ಇದಕ್ಕೆ ಸಂಗಮ ಅಂತ ಕಲಿತಿದ್ದೆವು. ಈಗ ಇದನ್ನು ಉಲ್ಟಾ ಮಾಡಿ. ಆ ಚುಕ್ಕೆಯ ಜಾಗದಲ್ಲಿ ಎಲ್‌ಇಡಿ ಇಟ್ಟರೆ, ಅದರ ಕಿರಣಗಳು ಲೆನ್ಸ್ ದಾಟಿ ನೇರವಾಗಿ ಹೊರಗೆ ಹೋಗುತ್ತವೆ.

ಈಗ ನೂರು ಮೀಟರ್ ಆಚೆ ನಿಂತು ಟಾರ್ಚಿನ ಕಡೆ ನೋಡುವವನ ಕಣ್ಣಿಗೆ ಏನು ಕಾಣುತ್ತದೆ? ಲೆನ್ಸ್ ಇಲ್ಲದಿದ್ದರೆ 1 ಮಿ.ಮೀ. ಚುಕ್ಕೆ. ಲೆನ್ಸ್ ಇಟ್ಟರೆ ಲೆನ್ಸಿನ ಇಡೀ ಮುಖ ಹೊತ್ತಿಕೊಂಡಂತೆ ಕಾಣುತ್ತದೆ. ಆ ಮುಖದ ಒಂದೊಂದು ಚದರ ಮಿಲಿಮೀಟರೂ ಎಲ್‌ಇಡಿಯ ಮೈಯಷ್ಟೇ ಹೊಳೆಯುತ್ತದೆ. ಅದಕ್ಕಿಂತ ಜಾಸ್ತಿ ಹೊಳೆಯುವಂತೆ ಮಾಡುವ ಲೆನ್ಸೂ ಇಲ್ಲ, ಕನ್ನಡಿಯೂ ಇಲ್ಲ. ಲೆನ್ಸ್ ಬೆಳಕನ್ನು ಹಿಂಡುವುದಿಲ್ಲ. ಅಷ್ಟೇ ಹೊಳಪಿನ ದೊಡ್ಡದೊಂದು ದೀಪವನ್ನು ದೂರದ ಕಣ್ಣಿಗೆ ತೋರಿಸುತ್ತದೆ, ಅಷ್ಟೇ.

ಹಾಗಾಗಿ ಇಡೀ ಟಾರ್ಚಿನ ಲೆಕ್ಕ ಒಂದೇ ಗುಣಾಕಾರಕ್ಕೆ ಬಂದು ನಿಲ್ಲುತ್ತದೆ. ಎಲ್‌ಇಡಿಯ ಮೈಹೊಳಪನ್ನು ಲೆನ್ಸಿನ ಮುಖದ ವಿಸ್ತೀರ್ಣದಿಂದ ಗುಣಿಸಿದರೆ ಕ್ಯಾಂಡೆಲಾ. ಮೈಹೊಳಪು ಅಂತ ನಾನು ಅನ್ನುತ್ತಿರುವುದು ಲ್ಯೂಮಿನನ್ಸ್‌ಗೆ. ಅದರ ಅಳತೆ ಚದರ ಮಿಲಿಮೀಟರಿಗೆ ಇಷ್ಟು ಕ್ಯಾಂಡೆಲಾ ಅಂತ.

ನನ್ನ ಲೆನ್ಸಿನ ವ್ಯಾಸ 65 ಮಿ.ಮೀ. ಅಂಚನ್ನು ಕೂರಿಸಲು ಸ್ವಲ್ಪ ಹೋಗಿ 60 ಮಿ.ಮೀ. ತೆರೆದಿರುತ್ತದೆ. ಅದರ ವಿಸ್ತೀರ್ಣ 2,827 ಚದರ ಮಿ.ಮೀ. ಎಲ್‌ಇಡಿಯ ಮೈಹೊಳಪು 200 ಅಂತ ಇಟ್ಟುಕೊಳ್ಳಿ. ಗಾಜಿನಲ್ಲಿ ಹತ್ತರಲ್ಲಿ ಒಂದು ಪಾಲು ಕಳೆಯೋಣ. ಕೋಟಿಂಗ್ ಇಲ್ಲದ ಗಾಜು ಒಂದೊಂದು ಮುಖದಲ್ಲೂ ಸುಮಾರು ಶೇ. 4ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ. ಎಲ್ಲ ಗುಣಿಸಿದರೆ ಸುಮಾರು 5,09,000 ಕ್ಯಾಂಡೆಲಾ, ಅಂದರೆ 1,400 ಮೀಟರ್. 350 ಮೀಟರಿನ ಹೊಂಡದ ಮೇಲೆ 4 ಲಕ್ಸಿಗಿಂತ ತುಸು ಜಾಸ್ತಿ. ಹುಣ್ಣಿಮೆಯ ಹದಿನಾರು ಪಟ್ಟು!

ಈ ಗುಣಾಕಾರದಲ್ಲಿ ವ್ಯಾಟ್ ಇಲ್ಲ, ಲ್ಯೂಮೆನ್ ಇಲ್ಲ ಅನ್ನುವುದನ್ನು ಗಮನಿಸಿ. ಒಂದೇ ಮೈಹೊಳಪಿನ ಎರಡು ಎಲ್‌ಇಡಿ ಇವೆ, ಒಂದು 1 ಮಿ.ಮೀ. ಅಗಲ, ಇನ್ನೊಂದು 3 ಮಿ.ಮೀ. ಅಗಲ ಅಂದುಕೊಳ್ಳಿ. ದೊಡ್ಡದರ ಲ್ಯೂಮೆನ್ ಒಂಬತ್ತು ಪಟ್ಟು. ದೂರ ಮಾತ್ರ ಎರಡಕ್ಕೂ ಒಂದೇ! ದೊಡ್ಡದು ಬೆಳಕಿನ ಮಚ್ಚೆಯನ್ನು ಅಗಲ ಮಾಡುತ್ತದೆ, ದೂರ ಒಯ್ಯುವುದಿಲ್ಲ. ನಾನು ಕೊಂಡು ತಂದ ಟಾರ್ಚಿನಲ್ಲಿ ಆಗಿದ್ದೂ ಇದೇ.

ಚಿಕ್ಕ ಎಲ್‌ಇಡಿ, ಅಗಲ ಲೆನ್ಸ್

ಹಾಗಾದರೆ ಎಂಥ ಎಲ್‌ಇಡಿ ಬೇಕು? ಚಿಕ್ಕದು, ಮೈಹೊಳಪು ಜಾಸ್ತಿ ಇರುವುದು, ಮೇಲೆ ಗುಮ್ಮಟ ಇಲ್ಲದ್ದು. ಕೆಲವು ಎಲ್‌ಇಡಿಗಳ ಮೇಲೆ ಸಿಲಿಕೋನಿನ ಉಬ್ಬು ಇರುತ್ತದೆ. ಅದು ಲ್ಯೂಮೆನ್ ಹೆಚ್ಚಿಸುತ್ತದೆ. ಆದರೆ ಒಳಗಿನ ಹೊಳೆಯುವ ಚಿಪ್ ಅನ್ನು ಭೂತಗನ್ನಡಿಯಂತೆ ದೊಡ್ಡದಾಗಿ ತೋರಿಸಿ ಮೈಹೊಳಪು ಇಳಿಸುತ್ತದೆ. ದೂರದ ಟಾರ್ಚಿಗೆ ಇದು ನಷ್ಟ. ನಾನು ಹಾಕಿದ್ದು ಆಸ್ರಾಂ ಕಂಪನಿಯ 1 ಚದರ ಮಿ.ಮೀ. ಚಪ್ಪಟೆ ಎಲ್‌ಇಡಿ. ಸಾಸಿವೆ ಕಾಳಿನಷ್ಟೂ ಇಲ್ಲದ ಹಳದಿ ಚೌಕ.

ಇದಕ್ಕಿಂತ ಹೊಳಪಿನ ದಾರಿಯೂ ಇದೆ. ನೀಲಿ ಲೇಸರನ್ನು ಫಾಸ್ಫರ್ ಎಂಬ, ಬೆಳಕು ಬಿದ್ದರೆ ತಾನೇ ಹೊಳೆಯುವ ಪದಾರ್ಥದ ಮೇಲೆ ಬಿಟ್ಟು ಬಿಳಿ ಬೆಳಕು ತೆಗೆಯುವ ಲೆಪ್ ಟಾರ್ಚುಗಳು. ಮನೆಯಲ್ಲಿ ಮಾಡಲು ಹೋಗಬೇಡಿ ಅನ್ನುತ್ತೇನೆ. ಫಾಸ್ಫರ್ ಒಡೆದರೆ ಬರಿಯ ಲೇಸರ್ ಹೊರಗೆ ಬರುತ್ತದೆ. ಕಣ್ಣು ಹೋದರೆ ಮತ್ತೆ ಬರುವುದಿಲ್ಲ.

ಲೆನ್ಸ್ ಯಾಕೆ, ರಿಫ್ಲೆಕ್ಟರ್ ಯಾಕಿಲ್ಲ ಅಂತ ಕೇಳಬಹುದು. ರಿಫ್ಲೆಕ್ಟರ್ ಒಳ್ಳೆಯದೇ. ಎಲ್‌ಇಡಿಯ ಬೆಳಕನ್ನು ಜಾಸ್ತಿ ಹಿಡಿಯುತ್ತದೆ. ಆದರೆ ಆ ಬಟ್ಟಲಿನ ಆಕಾರವನ್ನು ಕರಾರುವಾಕ್ಕಾಗಿ ಕಡೆದು, ಕನ್ನಡಿಯಂತೆ ಹೊಳಪು ಕೊಡುವುದು ಮನೆಯ ಲೇತ್‌ನಲ್ಲಿ ಬಹಳ ಕಷ್ಟ. ಲೆನ್ಸಿಗೆ ಒಂದು ಸೀಟು ಕಡೆದರೆ ಸಾಕು.

ಆದರೆ ಸಾದಾ ಭೂತಗನ್ನಡಿ ನಡೆಯುವುದಿಲ್ಲ. ಅದರ ಮೈ ಗೋಳದ ತುಂಡು. ಅಂಚಿನ ಕಿರಣಗಳು ನಡುವಿನ ಕಿರಣಗಳಿಗಿಂತ ಹತ್ತಿರದಲ್ಲೇ ಕೂಡಿಬಿಡುತ್ತವೆ. ದಪ್ಪ ಲೆನ್ಸಿನಲ್ಲಿ ಈ ದೋಷ ಎದ್ದು ಕಾಣುತ್ತದೆ. ದೂರದಿಂದ ನೋಡಿದರೆ ನಡು ಮಾತ್ರ ಹೊತ್ತಿರುತ್ತದೆ, ಅಂಚು ಕಪ್ಪು. ಅಂಚು ಕಪ್ಪಾದರೆ ಅಷ್ಟು ವಿಸ್ತೀರ್ಣ ದಂಡ. ಇದನ್ನು ಸರಿಪಡಿಸಿದ ಲೆನ್ಸೇ ಆಸ್ಫೆರಿಕ್. ಅಂಚಿನ ಕಡೆ ಉಬ್ಬು ಕಡಿಮೆಯಾಗುತ್ತ ಹೋಗುತ್ತದೆ.

ಅಕ್ರಿಲಿಕ್ ರಾಡಿನಲ್ಲಿ ನಾನೇ ಒಂದು ಲೆನ್ಸ್ ಕಡೆದು ನೋಡಿದ್ದೇನೆ. ಮೊದಲು ಕಾಗದದ ಮೇಲೆ ಒಂದೊಂದು ಅರ್ಧ ಮಿಲಿಮೀಟರಿಗೂ ಎಷ್ಟು ಆಳ ಅಂತ ಪಟ್ಟಿ ಬರೆದುಕೊಂಡೆ. ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಕಡೆದೆ. ಆಮೇಲೆ 400, 800, 1,200, 2,000ರ ವಾಟರ್ ಪೇಪರ್ ಹಿಡಿದು ಉಜ್ಜಿ, ಕೊನೆಗೆ ಬ್ರಾಸ್ಸೋ ಹಾಕಿ ತಿಕ್ಕಿದೆ. ಎರಡು ಭಾನುವಾರ ಹಿಡಿಯಿತು. ನೋಡಲು ನೀರಿನ ಹನಿಯಂತೆ ಚೆಂದವಾಗಿತ್ತು. ಗೋಡೆಗೆ ಬೆಳಕು ಬಿಟ್ಟಾಗ ಮಾತ್ರ ನೀರಿಗೆ ಕಲ್ಲು ಹಾಕಿದಂತೆ ಉಂಗುರ ಉಂಗುರ. ಕಣ್ಣಿಗೆ ಕಾಣದ ಮೆಟ್ಟಿಲುಗಳು ಬೆಳಕಿಗೆ ಕಂಡಿದ್ದವು. ಕಲಿಯಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ದಿನಾ ಬಳಸುವ ಟಾರ್ಚಿಗೆ ಮಾತ್ರ ಅಚ್ಚು ಹಾಕಿದ ಗಾಜಿನ ಲೆನ್ಸ್ ಕೊಳ್ಳುವುದೇ ಸರಿ.

ಲೆನ್ಸ್ ಇನ್ನೂ ದೊಡ್ಡದಾದಂತೆ ಗಾಜಿನ ತೂಕ ಕೈಗೆ ತಡೆಯುವುದಿಲ್ಲ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ದೀಪಸ್ತಂಭಗಳಿಗಾಗಿ ಇದಕ್ಕೆ ಪರಿಹಾರ ಕಂಡುಹಿಡಿದರು. ಲೆನ್ಸಿನ ಉಬ್ಬನ್ನು ಉಂಗುರಗಳಾಗಿ ಕತ್ತರಿಸಿ ಚಪ್ಪಟೆಯಾಗಿ ಜೋಡಿಸುವುದು. 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಬೆಳಗಿತು. ಇವತ್ತು ಅದೇ ಉಪಾಯದ ಪ್ಲಾಸ್ಟಿಕ್ ಹಾಳೆಗಳು ಸಿಗುತ್ತವೆ.

ಹರಿಹರದ ಲೇತ್, ಮಾವನ ಮಾತು

ದಾವಣಗೆರೆಯ ಮನೆ ಹಿಂದಿನ ಶೆಡ್ಡಿನಲ್ಲಿ ನನ್ನದೊಂದು ಹಳೇ ಲೇತ್ ಇದೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. 1941ರಲ್ಲಿ ಶುರುವಾದ ಆ ಕಾರ್ಖಾನೆ ಈಗಿಲ್ಲ. ಆದರೆ ಅಲ್ಲಿ ಹುಟ್ಟಿದ ಲೇತ್‌ಗಳು ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ನಮ್ಮ ಸೋದರಮಾವ ಅಲ್ಲೇ ದುಡಿದವರು. ನನಗೆ ಟೂಲ್ ಹಿಡಿಯಲು ಕಲಿಸಿದವರು ಅವರೇ.

ಟಾರ್ಚಿಗೆ ನಾಲ್ಕು ತುಂಡು ಬೇಕು. ಲೆನ್ಸ್ ಕೂರುವ ತಲೆ, ಎಲ್‌ಇಡಿ ಕೂರುವ ನಡುವಿನ ತುಂಡು, ಸೆಲ್ ಹಾಕುವ ಕೊಳವೆ, ಹಿಂದಿನ ಮುಚ್ಚಳ. ಅಲ್ಯೂಮಿನಿಯಂ ರೌಂಡ್ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಅಲ್ಯೂಮಿನಿಯಂ ಟೂಲಿನ ತುದಿಗೆ ಅಂಟಿಕೊಂಡು ಮೈಯನ್ನು ಹರಿದುಹಾಕುತ್ತದೆ. ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟರೆ ಆ ಕಾಟ ಇಲ್ಲ. ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಥ್ರೆಡ್ ಒಣಗಿದ್ದರೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಗ್ರೀಸ್ ಇಲ್ಲದೆ ಯಾವತ್ತೂ ಜೋಡಿಸಬೇಡಿ.

ಲೆನ್ಸಿನ ಸೀಟು ಕಡೆಯುವಾಗ ನಾನು ಸರಿಯಾಗಿ 65 ಮಿ.ಮೀ. ಬೋರ್ ಮಾಡಲು ಹೊರಟಿದ್ದೆ. ಮಾವ ತಡೆದರು. "ಗಾಜಿಗೆ ಬಿಗಿ ಫಿಟ್ ಕೊಡಬ್ಯಾಡಪ್ಪ. ಚಳಿ ರಾತ್ರಿ ಅಲ್ಯೂಮಿನಿಯಂ ಕುಗ್ಗತೈತಿ, ಗಾಜು ಅಷ್ಟು ಕುಗ್ಗಂಗಿಲ್ಲ. ಆಮೇಲೆ ಅಂಚು ಸಿಡಿತೈತಿ." ಅವರು ಹೇಳಿದಂತೆ 65.2 ಇಟ್ಟೆ. ಹಿಂದೊಂದು, ಮುಂದೊಂದು ರಬ್ಬರ್ ಓ-ರಿಂಗ್ ಹಾಕಿದೆ. ಮುಂದಿನ ಬಳೆ ತಿರುಗಿಸಿದಾಗ ಗಾಜು ಎರಡು ರಬ್ಬರಿನ ನಡುವೆ ಕೂರುತ್ತದೆ. ನೀರೂ ಒಳಗೆ ಹೋಗುವುದಿಲ್ಲ.

ಇನ್ನು ಎಲ್‌ಇಡಿಗೂ ಲೆನ್ಸಿಗೂ ಎಷ್ಟು ದೂರ? ನನ್ನ ಮೊದಲ ಟಾರ್ಚ್ ಕೆಟ್ಟಿದ್ದು ಇಲ್ಲೇ. ಲೆನ್ಸಿನ ಫೋಕಲ್ ಲೆಂಗ್ತ್, ಅಂದರೆ ಲೆನ್ಸಿನಿಂದ ಸಂಗಮಕ್ಕಿರುವ ದೂರ, 50 ಮಿ.ಮೀ. ಅಂತ ಬರೆದಿತ್ತು. ಲೆನ್ಸಿನ ಚಪ್ಪಟೆ ಮುಖದಿಂದ 50 ಮಿ.ಮೀ. ಬಿಟ್ಟು ಎಲ್‌ಇಡಿ ಕೂರಿಸಿದೆ. ಬೆಳಕು ಹೊಗೆಯಂತೆ ಹರಡಿತು. ಆ 50 ಅಳೆಯುವುದು ಗಾಜಿನ ಒಳಗಿನ ಒಂದು ಜಾಗದಿಂದ, ಹೊರಮುಖದಿಂದ ಅಲ್ಲ. 30 ಮಿ.ಮೀ. ದಪ್ಪದ ನನ್ನ ಲೆನ್ಸಿನಲ್ಲಿ ಚಪ್ಪಟೆ ಮುಖದಿಂದ ಸಂಗಮಕ್ಕೆ ಇರುವುದು 30 ಮಿ.ಮೀ. ಮಾತ್ರ. ಬಾಡಿ 20 ಮಿ.ಮೀ. ಉದ್ದವಾಗಿಹೋಗಿತ್ತು. ಕಡೆದ ಅಲ್ಯೂಮಿನಿಯಂ ಮತ್ತೆ ಗುಜರಿಗೆ ಹೋಯಿತು.

ಹಾಗಾಗಿ ಬರೆದದ್ದನ್ನು ನಂಬದೆ ಅಳೆದು ನೋಡಿ. ಹಗಲು ಹೊತ್ತು ಕೋಣೆಯ ಒಳಗೆ ನಿಂತು, ಲೆನ್ಸಿನ ಉಬ್ಬು ಮುಖವನ್ನು ಕಿಟಕಿಯಾಚೆಯ ದೂರದ ಮರಕ್ಕೆ ತೋರಿಸಿ. ಚಪ್ಪಟೆ ಮುಖದ ಹಿಂದೆ ಬಿಳಿ ಕಾಗದ ಹಿಡಿದು ಹಿಂದೆ ಮುಂದೆ ಮಾಡಿ. ತಲೆಕೆಳಗಾದ ಮರ ಚೊಕ್ಕವಾಗಿ ಮೂಡಿದಾಗ ಕಾಗದಕ್ಕೂ ಗಾಜಿಗೂ ಇರುವ ದೂರವನ್ನು ವರ್ನಿಯರ್‌ನಿಂದ ಅಳೆಯಿರಿ. ಅದೇ ನಿಮ್ಮ ಅಳತೆ.

ಎಷ್ಟು ಕರಾರುವಾಕ್ಕಾಗಿರಬೇಕು? ನನ್ನ ಅಳತೆಯ ಲೆನ್ಸಿನಲ್ಲಿ ಎಲ್‌ಇಡಿ ಸುಮಾರು 0.8 ಮಿ.ಮೀ. ಹಿಂದೆ ಮುಂದೆ ಆದರೆ ಲೆನ್ಸಿನ ಅಂಚು ಕಪ್ಪಾಗಲು ಶುರುವಾಗುತ್ತದೆ. ಅಲ್ಲಿಂದ ದೂರ ಇಳಿಯುತ್ತದೆ. ಅದಕ್ಕೇ ತಲೆಯ ಥ್ರೆಡ್ಡನ್ನು 1 ಮಿ.ಮೀ. ಪಿಚ್ಚಿನಲ್ಲಿ ಹಾಕಿದೆ. ಒಂದು ಸುತ್ತಿಗೆ 1 ಮಿ.ಮೀ., ಕಾಲು ಸುತ್ತಿಗೆ 0.25. ಕೈಯಲ್ಲೇ ಫೋಕಸ್ ಹಿಡಿಯಬಹುದು. ಹಿಂದಿನ ಕಾಲದ ಮೂರು ಸೆಲ್ಲಿನ ಟಾರ್ಚಿನ ತಲೆ ತಿರುಗಿಸಿದ ಹಾಗೆ. ಎಲ್‌ಇಡಿ ಪಕ್ಕಕ್ಕೆ ಅರ್ಧ ಮಿಲಿಮೀಟರ್ ಸರಿದರೆ ಅಷ್ಟೇನೂ ನಷ್ಟ ಇಲ್ಲ. ಬೆಳಕು ಸ್ವಲ್ಪ ಓರೆಯಾಗಿ ಹೋಗುತ್ತದೆ. ಲೆನ್ಸೇ ವಾಲಿ ಕೂತರೆ ಮಾತ್ರ ಮಚ್ಚೆಗೆ ಒಂದು ಕಡೆ ಬಾಲ ಬರುತ್ತದೆ.

ಇನ್ನೊಂದು. 60 ಮಿ.ಮೀ. ಅಗಲ, 50 ಮಿ.ಮೀ. ಫೋಕಲ್ ಲೆಂಗ್ತ್ ಇರುವ ಲೆನ್ಸ್ ಎಲ್‌ಇಡಿಯ ಬೆಳಕಿನಲ್ಲಿ ಮೂರನೇ ಒಂದು ಪಾಲನ್ನಷ್ಟೇ ಹಿಡಿಯುತ್ತದೆ. 600 ಚಿಲ್ಲರೆ ಲ್ಯೂಮೆನ್ನಿನಲ್ಲಿ ಹೊರಗೆ ಬರುವ 200 ಅದೇ. ಉಳಿದದ್ದು ಒಳಗೋಡೆಗೆ ಬಡಿಯುತ್ತದೆ. ಆ ಗೋಡೆ ಹೊಳೆಯುತ್ತಿದ್ದರೆ ಚೆದುರಿದ ಬೆಳಕು ಹೊರಗೆ ಬಂದು ಕಣ್ಣು ಕುಕ್ಕುತ್ತದೆ. ಹಾಗಾಗಿ ಒಳಗೆ ಸಣ್ಣ ಥ್ರೆಡ್ಡಿನಂಥ ಗೀರುಗಳನ್ನು ಕಡೆದು, ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದೆ.

ಕಾಗದದಷ್ಟು ತೆಳು ಗಾಳಿ

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಬಿಸಿ. ಈ ಎಲ್‌ಇಡಿಗೆ ಸುಮಾರು 4 ಆಂಪಿಯರ್ ಕೊಡುತ್ತೇನೆ, ಅಂದಾಜು 14 ವ್ಯಾಟ್. ಅದರಲ್ಲಿ 12 ವ್ಯಾಟ್ ಬಿಸಿಯಾಗಿಯೇ ಹೋಗುತ್ತದೆ. 12 ವ್ಯಾಟ್ ಏನು ಮಹಾ ಅನ್ನಿಸಬಹುದು. ಆದರೆ ಅದು ಹುಟ್ಟುವುದು ಒಂದು ಚದರ ಮಿಲಿಮೀಟರಿನಲ್ಲಿ. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ತಳದಲ್ಲಿ ಒಂದು ಚದರ ಮಿಲಿಮೀಟರಿಗೆ ಬರುವ ಬಿಸಿಗಿಂತ ಇದು ಇನ್ನೂರು ಪಟ್ಟಿಗೂ ಜಾಸ್ತಿ.

ಈ ಬಿಸಿ ಕೂಡಲೇ ಅಲ್ಲಿಂದ ಹರಿದುಹೋಗಬೇಕು. ಎಲ್‌ಇಡಿಯ ಕೆಳಗೆ 20 ಮಿ.ಮೀ. ವ್ಯಾಸ, 20 ಮಿ.ಮೀ. ಎತ್ತರದ ಒಂದು ದುಂಡು ಪೀಠ ಇದೆ ಅಂದುಕೊಳ್ಳಿ. ಅದರ ಮೇಲಿಂದ ಕೆಳಕ್ಕೆ 12 ವ್ಯಾಟ್ ಹರಿಯುವಾಗ ಎರಡು ತುದಿಗಳ ನಡುವೆ ಉಷ್ಣತೆಯ ವ್ಯತ್ಯಾಸ ಎಷ್ಟು? ತಾಮ್ರವಾದರೆ 2 ಡಿಗ್ರಿ. ಅಲ್ಯೂಮಿನಿಯಂ ಆದರೆ 5ರ ಹತ್ತಿರ, ಹಿತ್ತಾಳೆಯಾದರೆ 7ರ ಹತ್ತಿರ. ಸ್ಟೇನ್‌ಲೆಸ್ ಸ್ಟೀಲ್ ಆದರೆ 50 ಡಿಗ್ರಿ! ಸ್ಟೀಲ್ ಟಾರ್ಚ್ ನೋಡಲು ಚೆಂದ, ಎಲ್‌ಇಡಿಗೆ ಮಾತ್ರ ಶಿಕ್ಷೆ. ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ ಪೀಠದ ಮಟ್ಟಿಗೆ ಅಂಥ ವ್ಯತ್ಯಾಸ ಇಲ್ಲ. ಎಲ್‌ಇಡಿಯನ್ನು ಬೆಸುಗೆ ಹಾಕುವ ಬೋರ್ಡು ಮಾತ್ರ ತಾಮ್ರದ್ದೇ ಇರಬೇಕು.

ನನ್ನ ಎರಡನೇ ಟಾರ್ಚಿನಲ್ಲಿ ಲೋಹವೆಲ್ಲ ಸರಿ ಇತ್ತು. ಹಚ್ಚಿದ ಅರ್ಧ ನಿಮಿಷಕ್ಕೆ ಬಿಳಿ ಬೆಳಕು ನೀಲಿಗೆ ತಿರುಗಿತು. ಆರಿಸುವಷ್ಟರಲ್ಲಿ ಎಲ್‌ಇಡಿ ಸತ್ತಿತ್ತು. ಬಿಚ್ಚಿ ನೋಡಿದೆ. ಪೀಠದ ನಡುವೆ ವೈರಿಗಾಗಿ ಕೊರೆದ ತೂತಿನ ಅಂಚಿನಲ್ಲಿ ಒಂದು ಬರ್, ಅಂದರೆ ಲೋಹದ ಮುಳ್ಳು, ಉಳಿದಿತ್ತು. ಉಗುರಿಗೆ ತಾಗಿದರಷ್ಟೇ ಗೊತ್ತಾಗುವಷ್ಟು ಸಣ್ಣದು. ಅದು ಬೋರ್ಡನ್ನು ಕಾಗದದ ಹಾಳೆಯಷ್ಟು ಎತ್ತಿ ಹಿಡಿದಿತ್ತು. ಸಂದು ತುಂಬಿ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚುವುದನ್ನೂ ನಾನು ಮರೆತಿದ್ದೆ. 0.1 ಮಿ.ಮೀ. ಗಾಳಿಯ ಪದರ ಪೀಠದ ಉದ್ದಗಲಕ್ಕೂ ಇದ್ದರೆ 12 ವ್ಯಾಟಿಗೆ ಲೆಕ್ಕ 140 ಡಿಗ್ರಿ ದಾಟುತ್ತದೆ. ಅದೇ ಸಂದನ್ನು ಥರ್ಮಲ್ ಪೇಸ್ಟ್ ತುಂಬಿದರೆ 1 ಡಿಗ್ರಿ ಆಸುಪಾಸು. ಯಾವ ಲೋಹ ಅನ್ನುವುದಕ್ಕಿಂತ ಎರಡು ಲೋಹಗಳ ನಡುವೆ ಏನಿದೆ ಅನ್ನುವುದೇ ದೊಡ್ಡದು.

ಅಲ್ಲಿಂದ ಮೇಲೆ ಪೀಠದ ಮುಖವನ್ನು ಕೊನೆಗೆ ತೆಳುವಾಗಿ ಕಡೆದು ಸಮತಟ್ಟು ಮಾಡಿ, ತೂತಿನ ಅಂಚನ್ನು ಕೈಯಲ್ಲೇ ಸವರಿ, ವಾಟರ್ ಪೇಪರನ್ನು ಗಾಜಿನ ಮೇಲೆ ಇಟ್ಟು ಉಜ್ಜುತ್ತೇನೆ. ಬೋರ್ಡನ್ನು ಎರಡು ಸ್ಕ್ರೂ ಹಾಕಿ ಬಿಗಿಯುತ್ತೇನೆ. ಎಲ್‌ಇಡಿಯನ್ನು ಬೋರ್ಡಿಗೆ ಬೆಸೆಯಲು ಹಳೇ ಇಸ್ತ್ರಿ ಪೆಟ್ಟಿಗೆಯನ್ನೇ ತಲೆಕೆಳಗಾಗಿ ನಿಲ್ಲಿಸಿ ಬಳಸುತ್ತೇನೆ. ಸೀಸ-ತವರದ ಸೋಲ್ಡರ್ ಪೇಸ್ಟ್ 183 ಡಿಗ್ರಿಗೆ ಕರಗುತ್ತದೆ. ಬೂದಿ ಬಣ್ಣದ ಪೇಸ್ಟ್ ಒಮ್ಮೆಲೇ ಬೆಳ್ಳಿಯಂತೆ ಹೊಳೆದು, ಎಲ್‌ಇಡಿ ತಾನೇ ತನ್ನ ಜಾಗಕ್ಕೆ ಸರಿದು ಕೂರುತ್ತದೆ. ಅದನ್ನು ನೋಡುವುದೇ ಒಂದು ಖುಷಿ.

ಸೆಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 21700 ಅಳತೆಯ ಹೊಸ ಲಿಥಿಯಂ ಸೆಲ್ ಒಂದು ಸಾಕು. 5,000 ಎಂಎಎಚ್ ಇದ್ದರೆ ಗಂಟೆಯ ಮೇಲೆ ಬರುತ್ತದೆ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ ಬೇಡವೇ ಬೇಡ. ಲೋಹದ ಕೊಳವೆಯಲ್ಲಿ ಲಿಥಿಯಂ ಸೆಲ್ ಶಾರ್ಟ್ ಆದರೆ ಅದು ಬಾಂಬಿಗೆ ಸಮ. ಟಾರ್ಚಿನ ಮೈಗೆ ಆನೋಡೈಸ್ ಮಾಡಿಸಿದರೆ, ಅಂದರೆ ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಪದರ ಬರಿಸಿದರೆ, ಆ ಪದರ ಕರೆಂಟನ್ನು ಬಿಡುವುದಿಲ್ಲ. ಸಂಪರ್ಕ ಬೇಕಾದ ಅಂಚನ್ನು ಆಮೇಲೆ ಕೆರೆದು ಬರಿದಾಗಿಸಬೇಕು.

ಅಳತೆ, ಆಮೇಲೆ ಹೊಲ

ಕ್ಯಾಂಡೆಲಾ ಅಳೆಯಲು ಕಿಲೋಮೀಟರ್ ನಡೆಯಬೇಕಿಲ್ಲ. ಕತ್ತಲಲ್ಲಿ 10 ಮೀಟರ್ ಆಚೆ ಲಕ್ಸ್ ಮೀಟರ್ ಇಟ್ಟು, ಬಂದ ಸಂಖ್ಯೆಯನ್ನು 100ರಿಂದ ಗುಣಿಸಿ. ನನಗೆ 4,000 ಲಕ್ಸ್ ಬಂತು. 4,00,000 ಕ್ಯಾಂಡೆಲಾ, ಸುಮಾರು 1,260 ಮೀಟರ್. ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ. ಎಲ್‌ಇಡಿ ಬಿಸಿಯಾದಂತೆ ಮೈಹೊಳಪು ಇಳಿಯುತ್ತದೆ, ಲೆನ್ಸಿನ ಕಟ್ಟಕಡೆಯ ಅಂಚು ಪೂರ್ತಿ ಹೊತ್ತುವುದಿಲ್ಲ. ಎರಡು, ಮೂರು ಮೀಟರಿನಲ್ಲೇ ಅಳೆದರೆ ಸಂಖ್ಯೆ ತಪ್ಪು ಬರುತ್ತದೆ. ಅಷ್ಟು ಹತ್ತಿರದಲ್ಲಿ ಬೆಳಕು ಇನ್ನೂ ತನ್ನ ಆಕಾರಕ್ಕೆ ಬಂದಿರುವುದಿಲ್ಲ.

ಹೊಲದಲ್ಲಿ ಕಟ್ಟೆಯಿಂದ ಹೊಂಡದ ಕಡೆ ಹಿಡಿದಾಗ ಅಪ್ಪ ಮೊದಲು ಕೇಳಿದ್ದು, "ಇದ್ಯಾಕಪ್ಪಾ ಚೌಕ ಐತೆ?" ಲೆನ್ಸ್ ಎಲ್‌ಇಡಿಯ ಚಿತ್ರವನ್ನೇ ದೂರಕ್ಕೆ ಎಸೆಯುತ್ತದೆ. ಚೌಕದ ಎಲ್‌ಇಡಿ, ಚೌಕದ ಬೆಳಕು. 50 ಮಿ.ಮೀ. ಫೋಕಲ್ ಲೆಂಗ್ತಿಗೆ 1 ಮಿ.ಮೀ. ಎಲ್‌ಇಡಿ ಅಂದರೆ 350 ಮೀಟರಿಗೆ 7 ಮೀಟರ್ ಅಗಲ. ಮೊದಲಿನ 200 ಲ್ಯೂಮೆನ್ನನ್ನು ಈ 49 ಚದರ ಮೀಟರಿಗೆ ಹಂಚಿ ನೋಡಿ. 4 ಲಕ್ಸ್ ಬರುತ್ತದೆ. ಬೇರೆ ದಾರಿಯಲ್ಲಿ ಹೋದರೂ ಅದೇ ಊರು.

ಚೌಕ ಹೊಂಡದ ಏರಿಯ ಮೇಲೆ ನಿಂತಿತು. ಪೈಪಿನ ಬಾಯಿಯಿಂದ ಬೀಳುವ ನೀರು ಬೆಳ್ಳಿ ಸರಿಗೆಯಂತೆ ಮಿನುಗಿತು. ಅಪ್ಪ ಸ್ವಲ್ಪ ಹೊತ್ತು ನೋಡಿ, "ಎರಡಿಂಚು ಪೂರ್ತಿ ಬರ್ತೈತೆ" ಅಂದು ಒಳಗೆ ಹೋಗಿ ಮಲಗಿದರು.

ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದರೆ ಧೂಳು, ಮಂಜಿನ ಮೇಲೆ ಬಿದ್ದ ಬೆಳಕೇ ಕಣ್ಣಿಗೆ ಹೊಡೆಯುತ್ತದೆ. ಸೊಂಟದ ಮಟ್ಟದಲ್ಲಿ, ಮೈಯಿಂದ ದೂರ ಹಿಡಿದರೆ ಚೆನ್ನಾಗಿ ಕಾಣುತ್ತದೆ. ರಸ್ತೆಯ ಗಾಡಿಗಳ ಕಡೆ, ವಿಮಾನದ ಕಡೆ ಹಿಡಿಯಲೇಬಾರದು. ಫೋಕಸ್ ನೋಡಲು ಲೆನ್ಸಿನ ಮುಖ ದಿಟ್ಟಿಸುವುದಿದ್ದರೆ ಎಲ್‌ಇಡಿಗೆ ಕೆಲವೇ ಮಿಲಿಆಂಪಿಯರ್ ಕೊಟ್ಟು, ದೂರ ನಿಂತು ನೋಡಬೇಕು. ನಮ್ಮ ತಾಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ ಇದೆ. ನಾಲ್ಕು ಕೊಂಬಿನ ಆ ಪುಟ್ಟ ಜೀವಕ್ಕೆ ರಾತ್ರಿಯ ಕತ್ತಲೇ ಕಾವಲು. ಕಾಡಿನ ಕಡೆ ಈ ಬೆಳಕು ತಿರುಗಿಸುವುದು ನಮ್ಮ ಮನೆಯಲ್ಲಿ ನಿಷಿದ್ಧ.

ಹಗಲಿನ ಅಪಾಯವೂ ಒಂದಿದೆ. ಭೂತಗನ್ನಡಿಯ ಆಟ ಇಲ್ಲೂ ನಡೆಯುತ್ತದೆ. ಟಾರ್ಚನ್ನು ಕಿಟಕಿಯಲ್ಲಿ ಮೇಲ್ಮುಖವಾಗಿ ಇಟ್ಟು ಮರೆತರೆ, ಸೂರ್ಯ ನೇರ ಬಂದಾಗ ಎರಡೂವರೆ ವ್ಯಾಟಿನಷ್ಟು ಬಿಸಿಲು ಅರ್ಧ ಮಿಲಿಮೀಟರಿನ ಚುಕ್ಕೆಯಾಗಿ ಎಲ್‌ಇಡಿಯ ಮೇಲೇ ಬೀಳುತ್ತದೆ. ಎಲ್‌ಇಡಿ ಸುಡುತ್ತದೆ. ಪಕ್ಕದಲ್ಲಿ ವೈರಿದ್ದರೆ ಅದೂ ಕರಗುತ್ತದೆ. ಹಾಗಾಗಿ ಲೆನ್ಸಿಗೆ ಮುಚ್ಚಳ ಬೇಕೇ ಬೇಕು. ತಲೆಯ ಹೊರ ವ್ಯಾಸವನ್ನು ನಾನು 75 ಮಿ.ಮೀ. ಇಟ್ಟಿದ್ದು ಅದಕ್ಕೇ. ಹೊಲಕ್ಕೆ ಹಾಕುವ 75 ಮಿ.ಮೀ. ಪಿವಿಸಿ ಪೈಪಿನ ಎಂಡ್ ಕ್ಯಾಪ್ ಅದಕ್ಕೆ ಗಟ್ಟಿಯಾಗಿ ಕೂರುತ್ತದೆ. ಕಳೆದರೆ ಅಪ್ಪ ಪೈಪಿನ ಗಂಟಿನಿಂದ ಇನ್ನೊಂದು ತೆಗೆದುಕೊಳ್ಳುತ್ತಾರೆ.